ಒಂದು ಗೇಣು ಜಾಗ

ಇವತ್ತೂ ಹುಲಿಯೇ ಮೊದಲು. ವಿಡಿಯೋ ಗೇಮ್ ಅಂಗಡಿಯ ಪರದೆಯಲ್ಲಿ ಅಂಕಪಟ್ಟಿ ನೋಡಿ ಅವಳು ಹಲ್ಲು ಕಡಿದಳು.

ಗಿರಾಕಿಗಳು ಆಡಿ ನೋಡಲೆಂದು ಬಾಗಿಲ ಪಕ್ಕ ಇಟ್ಟಿದ್ದ ಯಂತ್ರ ಅದು. ನಿನ್ನೆ ಹನ್ನೊಂದು ಗಂಟೆಗೆ ಕಾರು ಓಟದಲ್ಲಿ ‘ಚಿಟ್ಟೆ’ ಎಂಬ ಹೆಸರಿನಲ್ಲಿ ಅವಳು ಮೊದಲ ಸ್ಥಾನ ಹಿಡಿದಿದ್ದಳು. ಅದೇ ಸಂಜೆ ‘ಹುಲಿ’ ಬಂದು ಎರಡೇ ಸೆಕೆಂಡಿನಿಂದ ಕೆಳಗೆ ತಳ್ಳಿತ್ತು. ಹದಿನೈದು ದಿನದಿಂದ ಇದೇ ಹಾಡು. ಕೆಲಸವಿಲ್ಲದ ಯಾವನೋ ಕಾಲೇಜು ಹುಡುಗನೇ ಇರಬೇಕು.

ಮನೆಯಲ್ಲಿ ಅಭ್ಯಾಸ ಮಾಡದೆ ಇವನನ್ನು ಮಣಿಸಲಾಗದು. ಆದರೆ ಮನೆಯಲ್ಲಿ ಅತ್ತೆ ಇದ್ದಾರೆ. ಹೋದ ತಿಂಗಳು ಅವಳ ಗಂಡ ಫೋನಿನಲ್ಲಿ ಆಡುತ್ತ ಕೂತಿದ್ದಾಗ, ಇದೇನು ಆಟವಾಡುವ ವಯಸ್ಸೇ ಎಂದು ಅತ್ತೆ ಮಗನನ್ನು ಜಾಡಿಸಿದ್ದರು. ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದವಳು ಇವಳು. ಈಗ ಸಿಕ್ಕಿಬಿದ್ದರೆ ಇಬ್ಬರ ಮುಂದೆಯೂ ಮುಖ ಎತ್ತುವಂತಿಲ್ಲ.

ಅತ್ತೆಗೆ ಆಗಲೇ ವಾಸನೆ ಬಡಿದಿತ್ತು. ಬೆಳಿಗ್ಗೆ ಹೆಬ್ಬೆರಳಿಗೆ ನೋವಿನ ಮುಲಾಮು ತಿಕ್ಕುತ್ತ ಕೇಳಿದ್ದರು: “ದಿನಾ ಹನ್ನೊಂದಕ್ಕೆ ನೂಲು ನೂಲು ಅಂತ ಓಡ್ತೀಯಲ್ಲೇ, ಊರಿಗೆಲ್ಲ ಅಂಗಿ ಹೊಲೀತೀಯಾ?”

“ಬಣ್ಣ ಹೊಂದ್ತಾ ಇಲ್ಲ ಅತ್ತೆ.”

ಮನೆಗೊಯ್ಯಲು ಒಂದು ಗೇಮ್ ಯಂತ್ರ ಬೇಕೆಂದಾಗ ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ಮುಂದಿಟ್ಟು ಅದರ ಶಕ್ತಿಯನ್ನು ಕೊಂಡಾಡಿದ. ಟಿವಿಗೆ ಜೋಡಿಸಬೇಕೆಂದಾಗ ಅವಳು ಬೇಡವೆಂದಳು. ಟಿವಿ ನಡುಮನೆಯಲ್ಲಿದೆ, ಗುಟ್ಟು ಉಳಿಯುವುದು ಹೇಗೆ? ಅವಳು ಕೇಳಿದ್ದು ಒಂದೇ.

“ಕುಕ್ಕರ್ ಕೂಗಿದ್ರೆ ನಡುವೆ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಆಡಬಹುದಾ?”

ಅವನು ನಗುತ್ತ ಪುಟ್ಟದೊಂದನ್ನು ತೆಗೆದ. ತನ್ನದೇ ಪರದೆ, ಕೈಯಲ್ಲೇ ಹಿಡಿದು ಆಡುವಂಥದ್ದು. ಸಂಜೆ ಅತ್ತೆ ಮಂಡಿನೋವಿಗೆ ಒಳ್ಳೆಯದೆಂದು ಒಂದು ಗಂಟೆ ನಡೆಯಲು ಹೋಗುತ್ತಾರೆ. ಅಷ್ಟು ಹೊತ್ತು ಧಾರಾಳ ಸಾಕು.

ಅವಳು ಡಬ್ಬದ ಮೇಲೆ ಗೇಣು ಹಾಕಿದಳು. ಅವರ ಮನೆಯಲ್ಲಿ ಕಿಟಕಿ ಪರದೆಯಿಂದ ಪಾತ್ರೆಯವರೆಗೆ ಎಲ್ಲಕ್ಕೂ ಗೇಣೇ ಅಳತೆ. ಸರಿಯಾಗಿ ಒಂದು ಗೇಣು. ಹಾಸಿಗೆ ಪೆಟ್ಟಿಗೆಯಲ್ಲಿ ಹಳೆಯ ರಜಾಯಿಗಳ ಕೆಳಗೆ ಅಷ್ಟೇ ಜಾಗವಿದೆ, ಮೊನ್ನೆಯೇ ಅಳೆದಿದ್ದಳು.

“ನಿನ್ನೆ ಒಬ್ರು ಹೀಗೇ ಗೇಣು ಹಾಕಿ ಇದನ್ನೇ ತಗೊಂಡ್ರು ಅಕ್ಕ,” ಎಂದ ಅಂಗಡಿಯವನು. “ಇನ್ಮೇಲೆ ನಾನೂ ಟೇಪು ಎಸೆದುಬಿಡ್ತೀನಿ.”

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದರು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಕೋಣೆ ಸೇರಿ, ಪೆಟ್ಟಿಗೆ ತೆರೆದು, ರಜಾಯಿಗಳ ಕೆಳಗೆ ಡಬ್ಬ ತೂರಿಸಿದಳು. ಏನೋ ಗಟ್ಟಿಯಾಗಿ ಅಡ್ಡ ಬಂತು. ಗೇಣು ಸುಳ್ಳು ಹೇಳುವುದುಂಟೇ? ಮಂಡಿಯೂರಿ ಇನ್ನಷ್ಟು ನೂಕಿದಳು.

ಅಡುಗೆಮನೆಯ ಸದ್ದು ಯಾವಾಗ ನಿಂತಿತೋ ತಿಳಿಯಲಿಲ್ಲ. ಬೆನ್ನ ಹಿಂದೆ ಮೊದಲು ಮುಲಾಮಿನ ವಾಸನೆ ಬಂತು, ಆಮೇಲೆ ಮಾತು.

“ಅಲ್ಲಿ ಹಿಡಿಸಲ್ಲ ಚಿಟ್ಟೆ, ಹುಲಿದು ನಿನ್ನೆಯೇ ಇಟ್ಟಾಗಿದೆ.”