ಹೊನ್ನೆಯಣ್ಣನ ಕಡೆಯವನು

ಎಂಬತ್ತೆರಡನೇ ಇಸವಿ. ನಾಗರ ಪಂಚಮಿಗೆ ಇನ್ನೊಂದು ವಾರವಿದೆ ಎನ್ನುವಾಗ ಸೊಕ್ಕೆಯ ಕಸ್ತೂರಮ್ಮನ ಬಾಗಿಲಿಗೆ ಒಬ್ಬ ಬಂದು ನಿಂತ. ಬಸ್ಸಿನ ಧೂಳು ಇನ್ನೂ ಅವನ ತಲೆಯ ಮೇಲೇ ಇತ್ತು. "ನಾನು ಬನದಕೊಪ್ಪದೋನು ಅತ್ತೆ. ಶಿವಮೂರ್ತಪ್ಪನ ಮಗ, ಷಣ್ಮುಖಪ್ಪ" ಎಂದನಷ್ಟೇ. ಮುಂದಿನ ಮಾತಿಗೆ ಕಸ್ತೂರಮ್ಮ ಎಡೆಯನ್ನೇ ಕೊಡಲಿಲ್ಲ. ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಒಳಗೆ ಓಡಿದಳು. ತವರಿನ ಹೆಸರು ಕಿವಿಗೆ ಬಿದ್ದ ಹೆಣ್ಣಿಗೆ ಮಂಡಿನೋವು ಎಲ್ಲಿಯದು?

ಅವನು ನೀರು ಕುಡಿದು ಚೊಂಬು ಕೆಳಗಿಡುವಷ್ಟರಲ್ಲಿ ಆಕೆ ಹಸಿರು ಇಳಕಲ್ ಸೀರೆ ಉಟ್ಟು, ಟ್ರಂಕು ಎತ್ತಿಕೊಂಡು ಪಡಸಾಲೆಗೆ ಬಂದಾಗಿತ್ತು. ಟ್ರಂಕು ತುಂಬುವ ಕೆಲಸವೇನೂ ಇರಲಿಲ್ಲ. ಪ್ರತಿ ವರ್ಷ ಆಷಾಢ ಮುಗಿಯುವ ಮೊದಲೇ ಅದು ತುಂಬಿರುತ್ತಿತ್ತು. ಪಂಚಮಿ ಕಳೆದ ಮೇಲೆ ಸದ್ದಿಲ್ಲದೆ ಖಾಲಿಯಾಗುತ್ತಿತ್ತು. "ಮಧ್ಯಾಹ್ನದ ಬಸ್ಸಿಗೇ ಹೋಗಾಣೇನಪ್ಪ?" ಎಂದು ಕೇಳಿದಳು. ಷಣ್ಮುಖಪ್ಪ ತಲೆ ತಗ್ಗಿಸಿದ. ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಗಂಡ ಮಹೇಶ್ವರಪ್ಪನಿಗೆ ಏನೋ ಎಡವಟ್ಟಾಗಿದೆ ಎಂದು ಆಗಲೇ ತಿಳಿಯಿತು.

ಕಸ್ತೂರಮ್ಮನಿಗೆ ಒಡಹುಟ್ಟಿದವರಿಲ್ಲ. ಚನ್ನಗಿರಿ ಕಡೆಯ ಬನದಕೊಪ್ಪದಲ್ಲಿ ಅದಕ್ಕೂ ಒಂದು ದಾರಿಯಿತ್ತು. ಅಣ್ಣತಮ್ಮಂದಿರಿಲ್ಲದ ಹುಡುಗಿಯನ್ನು ಊರ ಪಕ್ಕದ ಹಿರೇಬನಕ್ಕೆ ಕರೆದೊಯ್ದು, ಒಂದು ಮರವನ್ನು ತೋರಿಸಿ, ಇವನೇ ನಿನ್ನ ಅಣ್ಣ ಎನ್ನುತ್ತಿದ್ದರು. ತಾತ ಮುತ್ತಾತಂದಿರ ಕಾಲದಿಂದಲೂ ಕೊಡಲಿ ಕಾಣದ ಬನ ಅದು. ನಡುಮಧ್ಯಾಹ್ನವೂ ಒಳಗೆ ತಂಪು, ಬೇಸಿಗೆಯಲ್ಲೂ ಕಾಲಡಿಯ ತರಗು ಒದ್ದೆ. ಕಸ್ತೂರಮ್ಮನ ಪಾಲಿಗೆ ಬಂದ ಅಣ್ಣ ಹಳ್ಳದ ದಂಡೆಯ ದೊಡ್ಡ ಹೊನ್ನೆ ಮರ. ಪಂಚಮಿಗೆ ಅದರ ಬುಡಕ್ಕೆ ಹಾಲೆರೆದು, ಅದರ ಕೊಂಬೆಗೇ ಜೋಕಾಲಿ ಕಟ್ಟಿ ಜೀಕುತ್ತಿದ್ದಳು.

ಮದುವೆಯಾಗಿ ಸೊಕ್ಕೆಗೆ ಬಂದ ಕೆಲವೇ ವರ್ಷಗಳಲ್ಲಿ ಅಪ್ಪ ಅವ್ವ ಹೋದರು, ತವರುಮನೆ ಮಾರಿಹೋಯಿತು. ಕಣ್ಣು ಹಾಯಿಸಿದಷ್ಟು ದೂರ ನೆರಳೇ ಇಲ್ಲದ ಈ ಬಯಲಲ್ಲಿ ಜೋಳ ಕೊಯ್ಯುತ್ತಿರುವಾಗ ಒಮ್ಮೊಮ್ಮೆ ಆ ಒದ್ದೆ ತರಗಿನ ವಾಸನೆ ನೆನಪಾಗಿ ಅಳು ಬಂದುಬಿಡುತ್ತಿತ್ತು. ಹತ್ತಿರದ ಜಗಳೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಬನದಲ್ಲಿರಬಹುದಿತ್ತು. ಆದರೆ ಅಣ್ಣನೋ ತಮ್ಮನೋ ಬಾಗಿಲಿಗೆ ಬಂದು ಕರೆಯದೆ ಪಂಚಮಿಗೆ ತವರಿಗೆ ಹೋಗುವುದು ಹೇಗೆ? ನಿಮ್ಮಣ್ಣನಿಗೆ ಕಾಲಿದ್ದಿದ್ದರೆ ಬಂದೇ ಬರುತ್ತಿದ್ದ ಬಿಡು ಎಂದು ಮಹೇಶ್ವರಪ್ಪ ವರ್ಷವರ್ಷವೂ ಚುಡಾಯಿಸುತ್ತಿದ್ದ.

ಷಣ್ಮುಖಪ್ಪ ಬಂದದ್ದು ಬೇರೆಯೇ ಕೆಲಸಕ್ಕೆ. ತಡವರಿಸುತ್ತಾ ಹೇಳಿದ. ಬನದ ನೆಲ ಗೌಡರ ಪಟ್ಟಾದ್ದು. ದೊಡ್ಡ ಗೌಡರು ತೀರಿಕೊಂಡ ಮೇಲೆ ಮಕ್ಕಳು ನಿಂತ ಮರಗಳನ್ನೆಲ್ಲ ಸಾಮಿಲ್ಲಿನವನೊಬ್ಬನಿಗೆ ಮಾರಲು ಮಾತಾಡಿಬಿಟ್ಟಿದ್ದರು. ಆ ದುಡ್ಡು ನಾವೇ ಕೊಡುತ್ತೇವೆ, ಬನವನ್ನು ಊರಿಗೆ ಬಿಡಿ ಎಂದು ಊರವರು ಕಾಲಿಗೆ ಬಿದ್ದು ದೀಪಾವಳಿವರೆಗೆ ಗಡುವು ಪಡೆದಿದ್ದರು. ಊರಲ್ಲಿ ಎತ್ತಿದ ಪಟ್ಟಿಯ ಹಣ ಸಾಲದೆ, ಹೊನ್ನಾಳಿಗೆ, ನ್ಯಾಮತಿಗೆ ಕೊಟ್ಟ ಹೆಣ್ಣುಮಕ್ಕಳ ಮನೆಗಳಿಗೂ ಹೋಗಿ ಬಂದಿದ್ದರು. ಈಗ ಜಗಳೂರು ಕಡೆಯ ಸರದಿ.

"ಹೆಣ್ಣುಮಕ್ಕಳಿಗೆ ಕೊಡಬೇಕು, ಅವರತ್ರ ಈಸ್ಕೋಬಾರ್ದು. ಗೊತ್ತೈತೆ ಅತ್ತೆ. ಅದಕ್ಕೇ ಬಾಯಿಗೆ ಮಾತು ಬರ್ಲಿಲ್ಲ" ಎಂದ.

ಉಟ್ಟ ಸೀರೆಯನ್ನು ನೋಡಿಕೊಂಡು ಕಸ್ತೂರಮ್ಮನಿಗೆ ನಾಚಿಕೆಯಾಯಿತು. ಟ್ರಂಕಿನ ಮೇಲೇ ಕುಳಿತಳು. "ಹೋಗ್ಲಿ ಬಿಡು. ಹಳ್ಳದ ದಂಡಿ ಹೊನ್ನೆ ಹೆಂಗೈತೆ?"

ಷಣ್ಮುಖಪ್ಪ ಮಹೇಶ್ವರಪ್ಪನ ಮುಖ ನೋಡಿದ. ಅಲ್ಲಿಂದ ಏನೂ ಸಹಾಯ ಸಿಗಲಿಲ್ಲ.

"ಅದು ರಸ್ತೆಗೆ ಹತ್ರ ಇತ್ತಲ್ಲ ಅತ್ತೆ. ಮೊದ್ಲು ಅದಕ್ಕೇ ಕೊಡಲಿ ಹಾಕಿದ್ರು. ಏಟು ಬಿದ್ದ ಕಡೆಯಿಂದ ಕೆಂಪಗೆ ರಸ ಇಳೀತಿತ್ತು. ಬಟ್ಟೆ ಒಗೆಯಾಕೆ ಹೋದ ಹೆಂಗಸರು ಅದನ್ನ ನೋಡೇ ಊರು ಕೂಡಿಸಿದ್ದು. ಅಷ್ಟೊತ್ತಿಗೆ ಅದು ಉರುಳಿತ್ತು. ಎರಡ್ನೇ ಮರಕ್ಕೆ ಕೈ ಹಾಕಾಕೆ ಯಾರೂ ಬಿಡ್ಲಿಲ್ಲ."

ಬಾಗಿಲಿಗೆ ಬಾರದಿದ್ದರೇನು, ಅಲ್ಲೊಬ್ಬ ನಿಂತಿದ್ದಾನಲ್ಲ ಎಂಬ ಧೈರ್ಯದ ಮೇಲೆ ಆಕೆ ಇಷ್ಟು ವರ್ಷ ಟ್ರಂಕು ತುಂಬಿದ್ದಳು. ಷಣ್ಮುಖಪ್ಪ ಇನ್ನೇನೂ ಕೇಳದೆ ಎದ್ದು ಬಾಗಿಲ ಕಡೆ ಹೊರಟ. ಕಸ್ತೂರಮ್ಮ ಅವನನ್ನು ನಿಲ್ಲಿಸಿದಳು. ಟ್ರಂಕು ತೆರೆದು, ಮಡಿಚಿಟ್ಟ ಬಟ್ಟೆಗಳ ತಳಕ್ಕೆ ಕೈಹಾಕಿ, ತವರಲ್ಲಿ ಹಾಕಿಕೊಳ್ಳಲೆಂದೇ ಇಟ್ಟಿದ್ದ ಸೊಂಟದ ಬೆಳ್ಳಿ ಡಾಬನ್ನು ಹೊರತೆಗೆದಳು.

"ಅಣ್ಣನೇ ಇಲ್ಲ. ಇನ್ಯಾರಿಗೆ ಕೊಡ್ತೀಯೆ?" ಎಂದ ಮಹೇಶ್ವರಪ್ಪ. ಈ ಸಲ ಅವನು ಚುಡಾಯಿಸುತ್ತಿರಲಿಲ್ಲ.

"ಅಣ್ಣತಮ್ಮಂದಿರಿಲ್ಲದ ಹುಡುಗೀರು ಆ ಊರಾಗೆ ಇನ್ನೂ ಹುಟ್ತಾರಲ್ಲ."

ಡಾಬನ್ನು ಷಣ್ಮುಖಪ್ಪನ ಕೈಗೆ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಟ್ರಂಕನ್ನು ಒಳಗಿಡಲು ಬಗ್ಗಿದಳು.

ಮಹೇಶ್ವರಪ್ಪ ಎದ್ದು ಬಂದು ಟ್ರಂಕಿನ ಮೇಲೆ ಕೈಯಿಟ್ಟು ತಡೆದ. ಆಮೇಲೆ ಹೊಸ್ತಿಲ ಹತ್ತಿರ ನಿಂತವನ ಕಡೆ ತಿರುಗಿದ.

"ಒಂದ್ಸಲ ಹೊರಗೆ ಹೋಗಿ ಬಾರಪ್ಪ" ಎಂದ. "ಈ ಸಲ ಕರೆಯಾಕೆ ಬಾ."