ವ್ಯಾನಿನ ಹೊಟ್ಟೆಯ ಸದ್ದು

ಟಕ್.

ತಗಡಿಗೆ ತಗಡು ತಾಗಿದಷ್ಟೇ ಸದ್ದು. ರೇಣುಕಯ್ಯ ಕತ್ತಲಲ್ಲಿ ಕಣ್ಣು ಬಿಟ್ಟ. ಹೊರಗೆ ವ್ಯಾನು ನಿಂತಿತ್ತು. ಅಡುಗೆಮನೆಯಲ್ಲಿ ದೀಪವಿತ್ತು.

“ಏನೇ ಅದು?”

“ಬೆಕ್ಕಿರಬೇಕು ಕಣ್ರೀ,” ಎಂದಳು ಹೆಂಡತಿ ಈಶ್ವರಮ್ಮ. “ಬುತ್ತಿಗೆ ರೊಟ್ಟಿ ತಟ್ಟಾಣ ಅಂತ ಎದ್ದೆ. ನೀವು ಇನ್ನೊಂದು ಗಳಿಗೆ ಮಲಗಿ.”

ಅವನು ಮಲಗಲಿಲ್ಲ. ಕಿಟಕಿ ಸರಿಸಿ ನೋಡಿದ. ಜಗಲಿಯ ಮೇಲೆ ಡ್ರೈವರ್ ಕದರಪ್ಪ ಕಂಬಳಿ ಹೊದ್ದು ಎದ್ದು ಕುಳಿತಿದ್ದ. ಅವನ ಮುಖ ವ್ಯಾನಿನ ಕಡೆಗಿತ್ತು.

ಪಾನನಿರೋಧ ಜಾರಿಯಲ್ಲಿದ್ದ ಕಾಲ. ಮಧುಗಿರಿಯಲ್ಲಿದ್ದುಕೊಂಡು ಸುತ್ತಲಿನ ಕಳ್ಳಭಟ್ಟಿಗಳನ್ನು ಹಿಡಿಯುವುದು ರೇಣುಕಯ್ಯನ ಕೆಲಸ. ಅದಕ್ಕೆಂದು ಸರ್ಕಾರ ಕೊಟ್ಟದ್ದು ಯುದ್ಧಕಾಲದಲ್ಲಿ ಓಡಿ ದಣಿದ ಹಳೆಯ ವ್ಯಾನು. ಈಚೆಗೆ ಅದಕ್ಕೊಂದು ರೋಗ ಹತ್ತಿತ್ತು. ದಾಳಿಗೆ ಹೊರಟ ಬೆಳಗಿನ ಜಾವ ಮಾತ್ರ ಎಂಜಿನ್ನಿನೊಳಗಿಂದ ಟರ್ರೆಂದು ಕಿವಿ ಕೊರೆಯುವ ಸದ್ದು. ಬಯಲಿನ ನಿಶ್ಶಬ್ದದಲ್ಲಿ ಅದು ಮೈಲಿಗಟ್ಟಲೆ ಕೇಳುತ್ತಿತ್ತು. ಇವರು ಈಚಲ ವನ ಮುಟ್ಟುವ ಹೊತ್ತಿಗೆ ಭಟ್ಟಿಯ ಒಲೆ ಮಾತ್ರ ಬಿಸಿಯಾಗಿರುತ್ತಿತ್ತು. ಗಡಿಗೆ ಮಾಯ, ಮನುಷ್ಯರು ಮಾಯ. ವಾಪಸು ಬರುವಾಗ ಸದ್ದೂ ಮಾಯ. ಸಂತೆಗೋ ಕಚೇರಿಗೋ ಹೋದರೆ ಎಂಜಿನ್ನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

“ಸುಳಿವು ನಿಮ್ಮ ಕಡೆಯಿಂದಲೇ ಹೋಗ್ತಿದೆ ರೇಣುಕಯ್ಯ,” ಎಂದು ಮೇಲಧಿಕಾರಿ ಮುಖಕ್ಕೇ ಹೇಳಿದ್ದರು. “ಯಾರು ಅಂತ ಹಿಡಿದು ಕೊಡಿ. ಇಲ್ಲದಿದ್ರೆ ಕೆಲಸ ಬಿಟ್ಟು ಹೊರಡಿ.”

ಟಕ್ ಎಂದು ಕೇಳಿದ ಆ ಬೆಳಗಿನ ದಾಳಿಯಲ್ಲೂ ವ್ಯಾನು ಕೂಗಿತು; ಅಂದೂ ಬರಿಗೈ. ರೇಣುಕಯ್ಯ ವ್ಯಾನನ್ನು ನೇರ ಸಿರಾಕ್ಕೆ ಹೊಡೆಸಿದ. ಮೆಕ್ಯಾನಿಕ್ ಬುಡನ್ ಸಾಬ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಡಾಕ್ಟರು ಎದೆ ನೋಡುವಂತೆ ಅಲ್ಲಲ್ಲಿ ಕೇಳಿದ.

“ಏನೂ ಇಲ್ಲ ಸಾಬ್. ಮುದುಕಿ ಆದ್ರೂ ಗುಂಡಿಗೆ ಗಟ್ಟಿ ಐತೆ.”

“ಬೆಳಿಗ್ಗೆ ಅಷ್ಟು ಕೂಗ್ತಿತ್ತಲ್ಲಯ್ಯ.”

“ಬೇರಿಂಗ್ ಹೋದ್ರೆ ಸಂತೆಗೆ ಹೋದ್ರೂ ಕೂಗ್ತದೆ, ಮದುವೆಗೆ ಹೋದ್ರೂ ಕೂಗ್ತದೆ. ದಾಳಿ ನೋಡ್ಕೊಂಡು ಕೂಗೋ ಬೇರಿಂಗು ನಾನ್ ಕಂಡಿಲ್ಲ.” ಬುಡನ್ ಸಾಬ್ ಕೈ ಒರೆಸಿಕೊಂಡ. “ಇದು ಗಾಡಿ ಖಾಯಿಲೆ ಅಲ್ಲ. ಯಾರೋ ಮಾಡ್ತಿರೋ ಕೆಲಸ.”

ಬಾನೆಟ್ಟು ಎತ್ತುವವನು ಒಬ್ಬನೇ. ದಿನವೂ ಬೆಳಿಗ್ಗೆ ಈಶ್ವರಮ್ಮ ಕೊಡದಲ್ಲಿ ನೀರು ತಂದುಕೊಟ್ಟರೆ ಕದರಪ್ಪ ರೇಡಿಯೇಟರಿಗೆ ಸುರಿಯುತ್ತಿದ್ದ. “ಫ್ಯಾನ್ ತಾವ ಸೆರಗು ಬುಡಬ್ಯಾಡಿ ಕಣಮ್ಮ,” ಎನ್ನುತ್ತಿದ್ದ. “ಒಂದು ಕಡ್ಡಿ ತಾಕಿದ್ರೂ ಊರೆಲ್ಲಾ ಕೇಳಂಗೆ ಅರಚ್ಕೊಂಬುಡ್ತದೆ.”

ಹೋದ ವರ್ಷ ಭಟ್ಟಿಯವನೊಬ್ಬ ಮಚ್ಚು ಬೀಸಿ ರೇಣುಕಯ್ಯನ ತಲೆ ಸೀಳಿದಾಗ, ರಕ್ತ ಸುರಿಯುತ್ತಿದ್ದವನನ್ನು ಬೆನ್ನ ಮೇಲೆ ಹೊತ್ತು ವ್ಯಾನಿಗೆ ತಂದವನು ಇದೇ ಕದರಪ್ಪ. ಆಸ್ಪತ್ರೆಯಿಂದ ಬಂದ ದಿನ ಈಶ್ವರಮ್ಮ ಅರಿಶಿನದ ದಾರಕ್ಕೆ ಗಂಟಿನ ಮೇಲೆ ಗಂಟು ಹಾಕಿ ಗಂಡನ ಮಣಿಕಟ್ಟಿಗೆ ಕಟ್ಟಿದ್ದಳು. ಮಚ್ಚು ಹಿಡಿದವರು ನಿಮ್ಮ ಕಣ್ಣಿಗೇ ಬೀಳದಿರಲಿ ಅಂತ ಬೇಡ್ಕೊಂಡಿದೀನಿ, ಎಂದಿದ್ದಳು. ದಾರ ಸವೆದಾಗಲೆಲ್ಲ ಹೊಸದು ಕಟ್ಟುತ್ತಿದ್ದಳು. ಪ್ರಾಣ ಉಳಿಸಿದವನೇ ಈಗ ಭಟ್ಟಿಯವರಿಗೆ ತನ್ನನ್ನು ಮಾರಿಕೊಂಡನೆ?

ಸಂಜೆ ಜಗಲಿಯ ಮೇಲೆ ನಿಲ್ಲಿಸಿ ಕೇಳಿದ. “ನಿಜ ಹೇಳು ಕದರಪ್ಪ. ನೀನೇ ತಾನೇ?”

ಕದರಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಈಶ್ವರಮ್ಮ ನಿಂತಿದ್ದಳು.

“ನಾನೇನೂ ನೋಡಿಲ್ಲ ಸ್ವಾಮಿ.”

“ನೋಡಿದೆಯಾ ಅಂತ ಯಾರು ಕೇಳಿದರು? ಮಾಡಿದೆಯಾ ಅಂತ ಕೇಳಿದ್ದು.”

“ಈ ಮನೆ ರೊಟ್ಟಿ ತಿಂದೋನು ನಾನು. ಇನ್ನೇನೂ ಕೇಳಬ್ಯಾಡಿ.”

ಕಳ್ಳನ ನಾಲಗೆ ತಡವರಿಸುತ್ತಿದೆ ಎಂದುಕೊಂಡ ರೇಣುಕಯ್ಯ.

“ಅವನಿರಲಿಕ್ಕಿಲ್ಲ ಕಣ್ರೀ,” ಎಂದಳು ಈಶ್ವರಮ್ಮ.

“ನಿನಗೇನು ಗೊತ್ತು?”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕದರಪ್ಪ ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡು, ತನ್ನೂರು ಪಾವಗಡದ ಹಾದಿ ಹಿಡಿದ. ರೇಣುಕಯ್ಯ ಅವನ ಹೆಸರು ಬರೆದು ಕಳಿಸಿದ ಮೇಲೆ, ಅವನನ್ನು ಕೆಲಸದಿಂದ ತೆಗೆದ ಆಜ್ಞೆ ಬೇಗನೆ ಬಂತು. ಮೇಲಧಿಕಾರಿ ರೇಣುಕಯ್ಯನ ಬೆನ್ನು ತಟ್ಟಿದರು. ಹೋಗಲಿದ್ದ ಕೆಲಸ ಉಳಿಯಿತು.

ಹೊಸ ಡ್ರೈವರ್ ಬೈಲಪ್ಪನ ಜೊತೆ ಮೊದಲ ದಾಳಿ. ಕೊರಟಗೆರೆ ಕಡೆಗೆ. ಹೊರಡುವಾಗ ಈಶ್ವರಮ್ಮ ಬುತ್ತಿಯ ಗಂಟು ಕೈಗಿಟ್ಟಳು. “ಬರುವಾಗ ಒಂದು ಪೊರಕೆ ತನ್ನಿ.”

“ಮೊನ್ನೆ ತಾನೇ ತಂದೆನಲ್ಲ? ಪೊರಕೆ ತಿಂತೀಯೇನೇ?”

“ಈಚಲ ಪೊರಕೆ. ಎಷ್ಟು ದಿನ ಬಂದೀತು?”

ಬೈಲಪ್ಪ ಗಾಡಿ ಎಬ್ಬಿಸಿದ. ಟರ್ರ್.

ರೇಣುಕಯ್ಯ ಊರಿನ ಕೊನೆಯ ಮನೆ ದಾಟುತ್ತಲೇ ನಿಲ್ಲಿಸಲು ಹೇಳಿದ. ಬೈಲಪ್ಪನನ್ನು ಕೂತಲ್ಲೇ ಕೂರಿಸಿ, ತಾನೇ ಇಳಿದು ಬಾನೆಟ್ಟು ಎತ್ತಿ ಟಾರ್ಚ್ ಹಾಕಿದ. ಫ್ಯಾನಿನ ಹಿಂದೆ ಒಂದು ಈಚಲ ಕಡ್ಡಿ. ಬುಡವನ್ನು ಕಂಬಿಗೆ ಕಟ್ಟಿ, ತುದಿ ಫ್ಯಾನಿನ ರೆಕ್ಕೆಗೆ ತಾಗುವಂತೆ ಬಿಟ್ಟಿದ್ದರು. ತುದಿ ಆಗಲೇ ಸವೆದು ಎಳೆ ಎಳೆಯಾಗಿತ್ತು. ಇನ್ನಷ್ಟು ದೂರ ಓಡಿದ್ದರೆ ಕಡ್ಡಿಯೂ ಉಳಿಯುತ್ತಿರಲಿಲ್ಲ, ಕಟ್ಟೂ ಸಡಿಲಾಗಿ ಉದುರಿಹೋಗುತ್ತಿತ್ತು.

ಅವನು ಕಟ್ಟಿನ ಮೇಲೆ ಬೆಳಕು ಬಿಟ್ಟ. ಅರಿಶಿನದ ದಾರ. ಗಂಟಿನ ಮೇಲೆ ಗಂಟು. ಟಾರ್ಚನ್ನು ಮೆಲ್ಲಗೆ ತನ್ನ ಮಣಿಕಟ್ಟಿಗೆ ತಿರುಗಿಸಿದ.

ತಲೆಯ ಹಳೆಯ ಗಾಯ ಜುಮ್ಮೆಂದಿತು. ಅಂದು ಕಂಬಳಿ ಹೊದ್ದು ಕುಳಿತವನು ಯಾರನ್ನು ಕಂಡಿದ್ದನೆಂಬುದು ಈಗ ತಿಳಿಯಿತು. ಕಂಬಿಗೆ ಕಟ್ಟಿದ್ದ ದಾರ ಬಿಚ್ಚಿ, ಕಡ್ಡಿಯ ಸಮೇತ ಜೇಬಿಗೆ ಹಾಕಿಕೊಂಡ.

“ಒಳಗೆ ಏನಾರ ಕಂಡ್ರಾ ಸ್ವಾಮಿ?” ಬೈಲಪ್ಪ ಕಿಟಕಿಯಿಂದ ತಲೆ ಹಾಕಿ ಕೇಳಿದ.

“ನಾನೇನೂ ನೋಡಿಲ್ಲ,” ಎಂದು ರೇಣುಕಯ್ಯ ಬಾನೆಟ್ಟು ಮುಚ್ಚಿದ.