ಅಜ್ಜಿಯ ಹೆಸರು

ಅಪ್ಪನನ್ನು ಹೆತ್ತ ಹನ್ನೊಂದನೇ ದಿನಕ್ಕೆ ತೀರಿಕೊಂಡ ಅಜ್ಜಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಜನನ ಮರಣದ ಪುಸ್ತಕದಲ್ಲಿ ಅದನ್ನು ಹುಡುಕಲೆಂದು ನಾಲ್ಕನೇ ಸಲ ತಾಲ್ಲೂಕು ಕಚೇರಿಗೆ ಹೋದೆ.

“ಆ ಮನೆಯೋರಿಗೆ ಮಾತ್ರ ತೋರ್ಸೋದು ಕಣಮ್ಮ,” ಎಂದ ಗುಮಾಸ್ತ.

“ನಾನು ಆ ಮನೆ ಮಗಳು ಕಣಪ್ಪ. ಹಣೆ ಮೇಲೆ ಬರ್ಕೊಂಡು ಬರ್ಲಾ?”

ಅವನು ಒಂದು ಕಡತ ಬಿಚ್ಚಿದ. “ನಿಮ್ಮ ತಂದೆ ಹೋದ್ಮೇಲೆ ಜಮೀನಿನ ಖಾತೆಗೆ ಅಂತ ಮನೆಯೋರು ಮಾಡ್ಸಿದ ವಂಶವೃಕ್ಷ ಇದು. ಇದ್ರಲ್ಲಿ ನಿಮ್ಮ ಹೆಸರು ತೋರ್ಸಿ, ಈಗ್ಲೇ ಪುಸ್ತಕ ತೆಗೀತೀನಿ.”

ಅಪ್ಪ, ಅಮ್ಮ, ಅವರ ಕೆಳಗೆ ತಮ್ಮ. ಅಲ್ಲಿಗೆ ಮುಗಿದಿತ್ತು.

“ಓ, ನನ್ನ ತಮ್ಮನ ಕೆಲ್ಸ! ಅವನ ಬುದ್ಧಿ ನಂಗೊತ್ತು ಬಿಡಿ. ನಾಳೆ ಅಮ್ಮನ್ನೇ ಕರ್ಕೊಂಡು ಬರ್ತೀನಿ. ನಾನ್ಯಾರು ಅಂತ ಅವಳೇ ಹೇಳ್ತಾಳೆ.”

ಗುಮಾಸ್ತ ಹಾಳೆ ತಿರುವಿ ನನ್ನ ಮುಂದಿಟ್ಟ. ‘ನನಗೆ ಒಬ್ಬನೇ ಮಗ, ಬೇರೆ ಮಕ್ಕಳಿಲ್ಲ’ ಎಂದು ಬರೆದಿದ್ದ ಅಫಿಡವಿಟ್. ಅದರ ಕೆಳಗೆ ಅಮ್ಮ ಹೆಬ್ಬೆಟ್ಟು ಒತ್ತಿರಲಿಲ್ಲ. ನಾನು ಕೈಹಿಡಿದು ಕಲಿಸಿದ್ದ ಅಕ್ಷರಗಳಲ್ಲಿ ರುಜು ಹಾಕಿದ್ದಳು.